ಬದಲಿ ಇಲ್ಲದ ಡ್ಯೂಟಿ

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಶಿರಸಿ–ಸಿದ್ದಾಪುರ, ಶಿರಸಿ–ಯಲ್ಲಾಪುರ, ನಡುನಡುವೆ ಹುಬ್ಬಳ್ಳಿ. ಯಾವ ತಿರುವಿನಲ್ಲಿ ಯಾರ ಮನೆಯ ಮಗು ವಾಂತಿ ಮಾಡುತ್ತದೆ ಎನ್ನುವುದೂ ಗೊತ್ತಿತ್ತು. ಇಷ್ಟು ವರ್ಷದ ಲೆಕ್ಕದಲ್ಲಿ ಒಂದು ಬಾಕಿ ಉಳಿದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

1998ರ ಮಳೆಗಾಲ. ಸಿದ್ದಾಪುರಕ್ಕೆ ಹೋಗುವ ಸಂಜೆಯ ಗಾಡಿ. ಸೀರೆ ಉಟ್ಟ, ಮುಖದಲ್ಲಿ ಎರಡು ದಿನದ ಗಡ್ಡವಿದ್ದ ಒಬ್ಬರು ಹೆಂಗಸರ ಸೀಟಿನಲ್ಲಿ ಕೂತಿದ್ದರು. ಕೈಯಲ್ಲಿ ಟಿಕೆಟ್ ಇತ್ತು, ನಾನೇ ಹರಿದುಕೊಟ್ಟದ್ದು. ಹಿಂದಿನ ಸೀಟಿನವರು ನಗಲಿಕ್ಕೆ ಶುರುಮಾಡಿದರು, ಮುಂದಿನವರು ತಕರಾರು ತೆಗೆದರು. ಕಾನಸೂರು ಇನ್ನೂ ದೂರ ಇರುವಾಗಲೇ ನಾನು ಸೀಟಿ ಹೊಡೆದೆ. ಕಾಡಿನ ನಡುವೆ, ಧೋ ಎನ್ನುವ ಮಳೆಯಲ್ಲಿ ಅವರನ್ನು ಇಳಿಸಿದೆ. ಅವರು ಏನೂ ಹೇಳಲಿಲ್ಲ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತರು. ಆ ದಿನದ ವೇಬಿಲ್ಲಿನಲ್ಲಿ ಎಲ್ಲ ಸರಿ ಇತ್ತು. ದುಡ್ಡು ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ನಾನು 2019ರಲ್ಲಿ ನಿವೃತ್ತನಾದೆ. 2021ರಲ್ಲಿ, ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ, ಅಕ್ಕನ ಮಗ ಬೆಂಗಳೂರು ಬಿಟ್ಟು ಊರಿಗೆ ಬಂದ. ಸಿದ್ದಾಪುರ ತಾಲೂಕಿನ ಒಳಗಿನ ಹಳ್ಳಿ. ನೆಟ್‌ವರ್ಕ್ ಬೇಕಾದರೆ ಲ್ಯಾಪ್‌ಟಾಪ್ ಹೊತ್ತು ಸೊಪ್ಪಿನ ಬೆಟ್ಟ ಹತ್ತಬೇಕು. ಇಪ್ಪತ್ತೊಂಬತ್ತು ವಯಸ್ಸಾಯಿತು, ಹೇಗೂ ಮನೆಯಲ್ಲೇ ಇದ್ದಾನೆ ಎಂದು ಜಾತಕ ಹೊರಗೆ ತೆಗೆದರು. ಒಂದು ರಾತ್ರಿ ಊಟಕ್ಕೆ ಕೂತಾಗ ಅವ ಹೇಳಿದನಂತೆ: ‘ನನಗೆ ಹುಡುಗಿ ನೋಡಬೇಡಿ, ನನ್ನ ಮನಸ್ಸು ಗಂಡಿನ ಕಡೆಗೇ ಹೋಗುವುದು.’ ಭಾವ ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಅಕ್ಕ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ನನಗೆ ಫೋನ್ ಬಂತು. ‘ನೀನು ಊರು ಸುತ್ತಿದವ. ಇದಕ್ಕೆಲ್ಲ ಎಂತ ಮಾಡ್ತಾರೆ, ಯಾರನ್ನಾದ್ರೂ ಕೇಳು ಮಾರಾಯ.’

ನಾನು ಕೇಳುವ ಮೊದಲೇ ಅಳಿಯ ಯಾವುದೋ ಒಂದು ನಂಬರಿಗೆ ಫೋನು ಮಾಡಿಯಾಗಿತ್ತು. ಲಾಕ್‌ಡೌನ್ ಸಡಿಲವಾದ ವಾರ ಯಲ್ಲಾಪುರದ ಕಡೆಯಿಂದ ಒಬ್ಬರು ಸ್ಕೂಟಿಯಲ್ಲಿ ಬಂದರು. ತೊಂಬತ್ತು ಕಿಲೋಮೀಟರಿಗೆ ಹತ್ತಿರದ ಹಾದಿ. ವಯಸ್ಸು ನಲವತ್ತು ದಾಟಿರಬೇಕು, ಸೀರೆಯ ಮೇಲೆ ರೇನ್‌ಕೋಟು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವರು. ಜಗಲಿಯಲ್ಲಿ ಕೂತು ಕಷಾಯ ಕುಡಿದರು. ಅಕ್ಕ ಅವರಿಗೆ ಬೇರೆಯೇ ಲೋಟ ಇಟ್ಟಿದ್ದಳು. ಅದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಮೂರು ತಾಸು ಮಾತಾಡಿದರು. ಕಾನೂನು, ಕೋರ್ಟು ಯಾವುದನ್ನೂ ಎತ್ತಲಿಲ್ಲ. ಈ ಸಲ ಅಡಿಕೆಗೆ ಕೊಳೆ ಎಷ್ಟು ಬಿದ್ದಿದೆ, ಮದ್ದು ಎಷ್ಟು ಸಲ ಹೊಡೆದಿರಿ ಎಂದು ಶುರುಮಾಡಿದರು. ಕೊನೆಯಲ್ಲಿ ಅಕ್ಕನಿಗೆ ಹೇಳಿದ್ದು ಇಷ್ಟು: ‘ನಿಮ್ಮ ಹುಡುಗ ನಿಮ್ಮ ಹತ್ರ ಹೇಳಿದ್ದಾನಲ್ಲ ಅಮ್ಮ. ಹೇಳದೆ ಮದುವೆಯಾದವರ ಮನೆಗೂ ನಾನು ಹೋಗ್ತೇನೆ. ಅಲ್ಲಿ ಅಳೋದು ತಾಯಿ ಒಬ್ಬಳೇ ಅಲ್ಲ.’

ಅಕ್ಕ ಅವತ್ತೇ ಒಪ್ಪಿದಳು ಎಂದರೆ ಸುಳ್ಳಾಗುತ್ತದೆ. ಜಾತಕವಂತೂ ಪೆಟ್ಟಿಗೆಗೆ ವಾಪಸು ಹೋಯಿತು. ಉಣುಗೋಲಿನವರೆಗೆ ಕಳಿಸಲಿಕ್ಕೆ ಹೋದ ನಾನು ಪೆಟ್ರೋಲಿಗೆ ಎಷ್ಟಾಯಿತು ಎಂದು ಕೇಳಿದೆ. ‘ನೀವು ಕಂಡಕ್ಟರ್ ಆಗಿದ್ದವರು ಅಂತ ಇವ ಹೇಳಿದ್ದ ಅಣ್ಣ. ಎಲ್ಲದಕ್ಕೂ ಟಿಕೆಟ್ ಹರಿಯಬೇಕಾ?’ ಎಂದು ನಕ್ಕರು. ಆಗ ನನಗೆ 1998 ಬಾಯಿಗೆ ಬಂತು. ಹೇಳಿಬಿಟ್ಟೆ. ಅದು ಯಾರಿರಬಹುದು ಎಂದೂ ಕೇಳಿದೆ. ‘ಯಾರಾದ್ರೂ ಇರಬಹುದು. ನಮ್ಮಲ್ಲಿ ಬಸ್ಸಿಂದ ಇಳಿಸಿಕೊಳ್ಳದವರು ಯಾರಿದ್ದಾರೆ?’ ಎಂದು ಸ್ಕೂಟಿ ಚಾಲೂ ಮಾಡಿದರು.

ಅಲ್ಲಿಂದ ಈಚೆ ನಾನು ಇವರ ಜೊತೆ ಇದ್ದೇನೆ. ಜೊತೆ ಎಂದರೆ ಕುರ್ಚಿ ಹಾಕುವುದು, ಬಸ್ಸಿನ ಟೈಮು ಹೇಳುವುದು, ಅರ್ಜಿ ಬರೆಯುವುದು, ಅಷ್ಟೇ. ಮೂರು ತಾಲೂಕಿಗೆ ಸೇರಿ ಮೂರು ಜನ ಈ ಕೆಲಸ ನಡೆಸುತ್ತಾರೆ. ಯಲ್ಲಾಪುರದವರ ಬಗ್ಗೆ ಹೇಳಿದೆ. ಶಿರಸಿಯ ಒಬ್ಬ ದರ್ಜಿ, ಗಂಡನ್ನು ಪ್ರೀತಿಸುವ ಗಂಡಸು. ಸಿದ್ದಾಪುರದ ಕಡೆಯ ಒಬ್ಬ ಹೆಣ್ಣುಮಗಳು. ಅವಳ ಕೆಲಸ ಹೇಳಿದರೆ ಗುರುತು ಹತ್ತುತ್ತದೆ, ಹಾಗಾಗಿ ಹೇಳುವುದಿಲ್ಲ. ಸಂಘಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ನೋಂದಣಿ ಇಲ್ಲ. ಸೇರುವುದು ಮಂಗಳವಾರ ಮಧ್ಯಾಹ್ನ, ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮಂಗಳವಾರವೇ ಯಾಕೆಂದರೆ ಅದು ಶಿರಸಿಯ ಸಂತೆ. ಸಂತೆಯ ದಿನ ಶಿರಸಿಗೆ ಯಾಕೆ ಹೋದೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬಂದವರು ಹೊರಡುವಾಗ ಕೈಚೀಲದಲ್ಲಿ ಒಂದು ಕಟ್ಟು ಹರಿವೆ ಸೊಪ್ಪೋ ಅರ್ಧ ಕಿಲೋ ಉಳ್ಳಾಗಡ್ಡಿಯೋ ಇರಲೇಬೇಕು. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ‘ಗುಡ್ ಆ್ಯಸ್ ಯು’ ಎಂಬ ಗುಂಪು ಗುರುವಾರ ಸಂಜೆ ಸೇರುತ್ತಿತ್ತು ಎಂದು ಅಳಿಯ ಹೇಳಿದ. ಅವರಿಗೆ ಸೊಪ್ಪು ಕೊಳ್ಳುವ ಜರೂರು ಇದ್ದಿರಲಿಕ್ಕಿಲ್ಲ.

ಈ ಮೂವರನ್ನು ಜನ ‘ಸ್ವಯಂಸೇವಕರು’ ಎನ್ನುತ್ತಾರೆ. ಆ ಶಬ್ದದ ಮೇಲೆ ನನಗೆ ಸಿಟ್ಟಿದೆ. ಹಳೆಯ ಚಾಳಿ ಬಿಡದೆ ಒಂದು ತಿಂಗಳು ಇವರ ಕೆಲಸದ ವೇಬಿಲ್ ಬರೆದಿಟ್ಟೆ. ರಾತ್ರಿ ಹತ್ತರ ನಂತರ ಬಂದ ಫೋನುಗಳು ನಲವತ್ತೊಂದು. ಅದರಲ್ಲಿ ಆರು, ಬದುಕಿರುವುದು ಬೇಡ ಎಂದವರದ್ದು. ಆಸ್ಪತ್ರೆಗೆ ಜೊತೆಯಾಗಿ ಹೋದದ್ದು ಏಳು ಸಲ. ನಾಡಕಚೇರಿಗೆ ಐದು ಸಲ, ಪೊಲೀಸ್ ಠಾಣೆಗೆ ಎರಡು ಸಲ. ಮನೆಯಿಂದ ಹೊರಹಾಕಿಸಿಕೊಂಡ ಹತ್ತೊಂಬತ್ತರ ಹುಡುಗನಿಗೆ ಹನ್ನೊಂದು ರಾತ್ರಿ ಹಾಸಿಗೆ. ರೀಚಾರ್ಜು, ಪೆಟ್ರೋಲು, ಝೆರಾಕ್ಸು, ಚಹಾ, ಆ ಹುಡುಗನ ಊಟ ಎಲ್ಲ ಸೇರಿ 4,260 ರೂಪಾಯಿ, ಮೂವರ ಕಿಸೆಯಿಂದ. ಸ್ಕೂಟಿಯ ರಿಪೇರಿಯನ್ನು ಇದರಲ್ಲಿ ಹಿಡಿದಿಲ್ಲ. ದರ್ಜಿ ಬಾಗಿಲು ಹಾಕಿದ ದಿನಗಳ ದುಡಿಮೆಯನ್ನೂ ಹಿಡಿದಿಲ್ಲ, ಅವನೇ ಬೇಡ ಎಂದ.

ನಮ್ಮಲ್ಲಿ ವಸ್ತಿ ಗಾಡಿ ಎನ್ನುತ್ತೇವಲ್ಲ, ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಿಗ್ಗೆ ಹೊರಡುವ ಬಸ್ಸು. ಅದರ ಕಂಡಕ್ಟರನಿಗೂ ಮರುದಿನ ಡಿಪೋದಲ್ಲಿ ಬದಲಿ ಇರುತ್ತಾನೆ. ಬದಲಿ ಬಾರದಿದ್ದರೆ ಡಬಲ್ ಡ್ಯೂಟಿ ಬರೆಸಿಕೊಳ್ಳುತ್ತೇವೆ, ಜಗಳವಾಡುತ್ತೇವೆ, ಯೂನಿಯನ್‌ಗೆ ಹೇಳುತ್ತೇವೆ. ಇವರಿಗೆ ಡಿಪೋ ಇಲ್ಲ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಒಂದೇ ಡ್ಯೂಟಿಯಲ್ಲಿದ್ದಾರೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ತೃತೀಯ ಲಿಂಗದವರ ಗುರುತನ್ನು ಒಪ್ಪಿತು. 2018ರ ಸೆಪ್ಟೆಂಬರ್ 6ರಂದು, ಸಮ್ಮತಿಯಿಂದ ಕೂಡುವ ವಯಸ್ಕರ ತಲೆಯ ಮೇಲಿಂದ 377ನೇ ಕಲಮನ್ನು ಇಳಿಸಿತು. ಕರ್ನಾಟಕ 2017ರಲ್ಲಿ ತೃತೀಯ ಲಿಂಗದವರಿಗಾಗಿ ನೀತಿ ತಂದಿತು. ‘ಮೈತ್ರಿ’ ಮಾಸಾಶನ ಇದೆ. 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ಸು ಉಚಿತ. ನಾನು ಇಳಿಸಿದ ಸೀಟಿಗೆ ಸರ್ಕಾರವೇ ಶೂನ್ಯ ಟಿಕೆಟ್ ಕೊಟ್ಟು ಕೂರಿಸಿದೆ ಎಂದುಕೊಂಡೆ ಆ ದಿನ. ನಮ್ಮ ಮೂವರಲ್ಲಿ ದರ್ಜಿಗೆ ಮಾತ್ರ ಪೂರ್ತಿ ಚಾರ್ಜು. ‘ಗಂಡಸಾಗಿ ಹುಟ್ಟಿ ಗಂಡಸಾಗಿಯೇ ಉಳಿದ ತಪ್ಪಿಗೆ ದಂಡ’ ಎಂದು ಅವನೇ ತಮಾಷೆ ಮಾಡುತ್ತಾನೆ.

ತಮಾಷೆಯ ಒಳಗೆ ವಿಷಯ ಇದೆ. ಸರ್ಕಾರದ ಕಣ್ಣಿಗೆ ಬೀಳುವವರು ಸೀರೆ ಉಟ್ಟವರು ಮಾತ್ರ. ಗಂಡಸನ್ನು ಪ್ರೀತಿಸುತ್ತ, ಹೆಂಡತಿ ಮಕ್ಕಳ ನಡುವೆ ಬಾಯಿಮುಚ್ಚಿ ಬದುಕುವ ಯಲ್ಲಾಪುರದ ಗಂಡಸಿಗೆ, ಗೆಳತಿಯ ಮದುವೆಯ ಚಪ್ಪರದಲ್ಲಿ ಬಡಿಸುತ್ತ ನಿಂತ ಸಿದ್ದಾಪುರದ ಹುಡುಗಿಗೆ ಯಾವ ಯೋಜನೆಯೂ ಇಲ್ಲ, ಯಾವ ಕಾರ್ಡೂ ಇಲ್ಲ. ಅವರ ಪಾಲಿಗೆ ಇರುವುದು ಆ ಒಂದು ಫೋನ್ ನಂಬರು.

ಯೋಜನೆ ಇರುವವರಿಗೂ ಅದು ತಾನಾಗಿ ಮನೆಗೆ ಬರುವುದಿಲ್ಲ. 2019ರ ಕಾಯ್ದೆಯಂತೆ ಗುರುತಿನ ಪ್ರಮಾಣಪತ್ರ ಕೊಡಬೇಕಾದವರು ಜಿಲ್ಲಾ ಮ್ಯಾಜಿಸ್ಟ್ರೇಟರು. ನಮ್ಮ ಜಿಲ್ಲೆಗೆ ಅದು ಘಟ್ಟದ ಕೆಳಗಿನ ಕಾರವಾರ, ಶಿರಸಿಯಿಂದ ನೂರು ಕಿಲೋಮೀಟರಿಗೂ ಮೇಲೆ. 2020ರಿಂದ ಅರ್ಜಿಯನ್ನು ಆನ್‌ಲೈನಿನಲ್ಲೂ ಹಾಕಬಹುದು, ನಿಜ. ಆದರೆ ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು ಇರುವಾಗ, ಅಫಿಡವಿಟ್ಟು ಯಾರಲ್ಲಿ ಮಾಡಿಸಬೇಕು ಎಂದು ಗೊತ್ತಿಲ್ಲದಿರುವಾಗ, ಏಳನೇ ತರಗತಿಗೆ ಶಾಲೆ ಬಿಟ್ಟವಳ ಪಕ್ಕದಲ್ಲಿ ಯಾರಾದರೂ ಕೂರಲೇಬೇಕು. ಹೀಗೆ ಪಕ್ಕದಲ್ಲಿ ಕೂರುವುದನ್ನು ಸರ್ಕಾರ ಕೆಲಸ ಎಂದು ಲೆಕ್ಕಕ್ಕೇ ಹಿಡಿದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ‘ಇತರೆ’ ಎಂದು ಬರೆಸಿದವರು 20,266. ಬರೆಸಲು ಹೆದರಿದವರು ಎಷ್ಟೋ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರದ್ದೇ ಬೇರೆ ಸಮೀಕ್ಷೆ ಶುರುಮಾಡಿತು. ‘ಬರೆಸು, ಏನೂ ಆಗುವುದಿಲ್ಲ’ ಎಂದು ಒಬ್ಬೊಬ್ಬರ ಮನೆಯ ಹಿತ್ತಿಲಲ್ಲಿ ನಿಂತು ಹೇಳಿದ್ದು ಯಾವ ಇಲಾಖೆಯೂ ಅಲ್ಲ.

ಹಿಂದೆ ಇದಕ್ಕೆ ಸ್ವಲ್ಪ ದುಡ್ಡು ಇತ್ತು. 1999ರಲ್ಲಿ ಬೆಂಗಳೂರಿನಲ್ಲಿ ‘ಸಂಗಮ’ ಎಂಬ ಸಂಸ್ಥೆ ಶುರುವಾಯಿತು. 2003ರ ಹೊತ್ತಿಗೆ ಗೇಟ್ಸ್ ಫೌಂಡೇಶನ್ನಿನ ‘ಆವಾಹನ್’ ಯೋಜನೆಯಿಂದ ಎಚ್‌ಐವಿ ತಡೆಯುವ ಹಣ ಕರ್ನಾಟಕಕ್ಕೆ ಬಂತು. ಆ ವರ್ಷಗಳಲ್ಲಿ ಜಿಲ್ಲೆಗಳಲ್ಲಿ ಸಮುದಾಯದವರದ್ದೇ ಸಂಘಗಳು ಹುಟ್ಟಿದವು. ಬಸ್‌ಸ್ಟ್ಯಾಂಡಿನಲ್ಲಿ, ಪಾರ್ಕಿನಲ್ಲಿ ಹೆದರಿ ನಿಲ್ಲುತ್ತಿದ್ದವರು ‘ಪಿಯರ್ ಎಜುಕೇಟರ್’ ಎಂಬ ಬ್ಯಾಡ್ಜು ಹಾಕಿಕೊಂಡು ಓಡಾಡಿದರು. ಯಲ್ಲಾಪುರದವರು ಕೆಲಸ ಕಲಿತದ್ದೂ ಅಲ್ಲೇ, ಹುಬ್ಬಳ್ಳಿಯಲ್ಲಿ. ಅಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಹಂಚಿದ ಕಾಂಡೋಮಿಗೆ, ಮಾಡಿಸಿದ ರಕ್ತಪರೀಕ್ಷೆಗೆ. ಅಳುವ ತಾಯಿಯ ಎದುರು ಜಗಲಿಯಲ್ಲಿ ಕೂತ ಮೂರು ತಾಸಿಗೆ ಆ ಫಾರಮಿನಲ್ಲಿ ಕಾಲಂ ಇರಲಿಲ್ಲ. ಹಣ ಕಡಿಮೆಯಾದಾಗ ಬ್ಯಾಡ್ಜು ಹೋಯಿತು, ಫೋನ್ ಬರುವುದು ನಿಲ್ಲಲಿಲ್ಲ.

ಆದರೂ ಈ ಸಂಘಗಳು ಗೆದ್ದದ್ದು ಸಣ್ಣದಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹಿಜ್ರಾಗಳ ಹೆಸರಿನ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದ್ದರು. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2016ರಲ್ಲಿ ಸರ್ಕಾರವೇ ತಿದ್ದುಪಡಿ ತಂದು ಅವರನ್ನು ಗುರಿಮಾಡಿದ್ದ ಪದವನ್ನು ಕಲಮಿನಿಂದ ತೆಗೆಯಬೇಕಾಯಿತು. ಪೊಲೀಸ್ ನೇಮಕಾತಿಯಲ್ಲಿ ಇವರಿಗೆ ಜಾಗವೇ ಇಲ್ಲ ಎಂದು ‘ಸಂಗಮ’ ಹೂಡಿದ ದಾವೆ 2021ರ ಜುಲೈ ಹೊತ್ತಿಗೆ ಎಲ್ಲ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ ತಂದಿತು. ಅಕ್ಕೈ ಪದ್ಮಶಾಲಿ, ಮಂಜಮ್ಮ ಜೋಗತಿ ಇಂಥವರ ಹೆಸರು ನಾಲ್ಕು ಜನರಿಗೆ ಗೊತ್ತು. ಮಂಜಮ್ಮ ಪದ್ಮಶ್ರೀ ತೆಗೆದುಕೊಂಡ ದಿನ ಯಲ್ಲಾಪುರದವರು ತಮ್ಮ ಓಣಿಗೆಲ್ಲ ಪೇಡೆ ಹಂಚಿದರು. ಆ ದುಡ್ಡನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಠಾಣೆಗೆ ಎರಡು ಸಲ ಎಂದೆನಲ್ಲ, ಅದು ಒಟ್ಟಿಗೆ ಮನೆಬಿಟ್ಟು ಹೋದ ಇಬ್ಬರು ಹುಡುಗಿಯರ ವಿಷಯ. ಇಬ್ಬರೂ ಹದಿನೆಂಟು ದಾಟಿದವರು. ಮನೆಯವರು ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟಿದ್ದರು. ಸಿದ್ದಾಪುರದ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಹೋಗಿದ್ದಳು. ಅದರಲ್ಲಿ 2024ರ ಮಾರ್ಚ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ. ಕೇರಳದ ಒಂದು ಪ್ರಕರಣದಲ್ಲಿ ಬಂದದ್ದು. ಇಂಥ ಜೋಡಿಗಳನ್ನು ಕೋರ್ಟಿಗೆ ಕರೆಸಿದಾಗ ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ತಿರುಗಿಸಲು ನೋಡಬಾರದು, ಮನೆಯವರ ವಶಕ್ಕೆ ಒಪ್ಪಿಸುವ ಆತುರ ಬೇಡ, ಅವರ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಬೇಕು ಎಂದು ಕೆಳಗಿನ ಕೋರ್ಟುಗಳಿಗೆ ಹೇಳಿದ ತೀರ್ಪು. ಇಂಗ್ಲಿಷಿನ ಆ ಹಾಳೆಗಳ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ ಬರೆದುಕೊಂಡಿದ್ದಳು. ಅವಳು ವಕೀಲೆಯಲ್ಲ, ಪಿಯುಸಿ ಓದಿದವಳು. ಠಾಣೆಯ ಬೆಂಚಿನಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತಿದ್ದಳು. ಅವತ್ತು ಅವಳ ಮನೆಯಲ್ಲಿ ಸುಳ್ಳು ಹೇಳಿದ್ದು ನಾನು.

ನಮ್ಮ ಸೀಮೆಗೆ ಇದೆಲ್ಲ ಹೊಸದು, ಪೇಟೆಯ ರೋಗ ಎನ್ನುವವರಿಗೆ ಕಂಡಕ್ಟರನಾಗಿ ಒಂದು ಮಾತು. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಸಿದ್ದಾಪುರದಿಂದ ಹೋಗುವ ಗಾಡಿಯಲ್ಲಿ ಚೌಡಿಕೆ ಹಿಡಿದ ಜೋಗಪ್ಪಗಳಿಗೆ ಎಷ್ಟು ಟಿಕೆಟ್ ಹರಿದಿದ್ದೇನೋ ಲೆಕ್ಕವಿಲ್ಲ. ಆಗ ಯಾರೂ ತಕರಾರು ತೆಗೆಯುತ್ತಿರಲಿಲ್ಲ, ಸೀಟು ಬಿಟ್ಟುಕೊಟ್ಟು ಕೈ ಮುಗಿಯುತ್ತಿದ್ದರು. ನಾನೂ ಮುಗಿದಿದ್ದೇನೆ. ಅದೇ ಕೈ ಕಾನಸೂರಿನ ಹತ್ತಿರ ಬಾಗಿಲು ತೆಗೆಯಿತು. ತಾಳಗುಪ್ಪದ ಆಚೆಗಿನ ಹೆಗ್ಗೋಡಿನ ‘ಜನಮನದಾಟ’ದವರು ಇದೇ ಸಮುದಾಯದ ರೇವತಿಯವರ ಆತ್ಮಕಥೆಯನ್ನು ‘ಬದುಕು ಬಯಲು’ ನಾಟಕ ಮಾಡಿ ಊರೂರು ತಿರುಗಿದರು. ನಾಟಕಕ್ಕೆ ಚಪ್ಪಾಳೆ ಹೊಡೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೋಣೆ ಬಾಡಿಗೆಗೆ ಕೇಳಿದರೆ ಮಾತ್ರ ‘ಮನೆಯವರನ್ನು ಕೇಳಿ ಹೇಳ್ತೇನೆ’ ಎನ್ನುತ್ತಾರೆ.

2025ರ ನವೆಂಬರಿನಲ್ಲಿ ಒಬ್ಬ ಹಿರಿಯ ವಿದ್ವಾಂಸರು ಯಕ್ಷಗಾನ ಕಲಾವಿದರಲ್ಲಿ ಸಲಿಂಗಕಾಮದ ಬಗ್ಗೆ ಆಡಿದ ಮಾತಿಗೆ ನಮ್ಮ ಕಡೆ ಎಷ್ಟು ಗದ್ದಲವಾಯಿತು ಎಂಬುದು ಎಲ್ಲರಿಗೂ ನೆನಪಿದೆ. ಇಡೀ ಮೇಳವನ್ನೇ ಒಂದು ಚೀಟಿ ಅಂಟಿಸಿ ತೂಗಬಾರದು, ಕಲಾವಿದರಿಗೆ ನೋವಾದದ್ದು ಸಹಜ. ನಾನೂ ಬೆಳತನಕ ಆಟ ನೋಡಿದವನೇ. ಒಳ್ಳೆಯ ಸ್ತ್ರೀವೇಷ ರಂಗಕ್ಕೆ ಬಂದರೆ ಇವತ್ತಿಗೂ ನಿದ್ದೆ ಹಾರುತ್ತದೆ. ಆದರೆ ಹೇಳಿದವರ ಪರ ಇದ್ದವರಿಗೂ ವಿರುದ್ಧ ಇದ್ದವರಿಗೂ ಒಂದು ವಿಷಯದಲ್ಲಿ ಒಮ್ಮತ ಇತ್ತು, ಆ ಶಬ್ದ ಬೈಗುಳ ಎಂಬುದರಲ್ಲಿ. ಗದ್ದಲ ಜೋರಾಗಿದ್ದ ಆ ಮಂಗಳವಾರ ದರ್ಜಿಯ ಹಿಂದಿನ ಕೋಣೆಗೆ ಒಬ್ಬರೂ ಬರಲಿಲ್ಲ. ಕುರ್ಚಿ ಹಾಕಿ ಕೂತವರು ನಾವು ನಾಲ್ಕೇ ಜನ.

ಇವರನ್ನು ದೇವರು ಮಾಡುವ ಇರಾದೆ ನನಗಿಲ್ಲ. ಯಲ್ಲಾಪುರದವರಿಗೆ ಮೂಗಿನ ತುದಿಯಲ್ಲಿ ಕೋಪ. ಫೋನನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಯಾರ ಕಷ್ಟ ಏನು ಎಂಬುದೆಲ್ಲ ಅವರ ತಲೆಯಲ್ಲೇ ಇದೆ, ಎಲ್ಲೂ ಬರೆದಿಟ್ಟಿಲ್ಲ. ದರ್ಜಿಗೂ ಅವರಿಗೂ ಆರು ತಿಂಗಳು ಮಾತು ಬಿಟ್ಟಿತ್ತು, ಕಾರಣ ಒಂದು ಬ್ಯಾನರು. ಬಹಳ ದಿನ ಒಬ್ಬರೇ ಓಡಿಸಿದರೆ ಗಾಡಿ ತನ್ನದೇ ಎನಿಸತೊಡಗುತ್ತದೆ, ಡ್ರೈವರುಗಳಲ್ಲಿ ಇದನ್ನು ನೋಡಿದ್ದೇನೆ. ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಹನ್ನೆರಡು ದಿನ ಮಲಗಿದರು. ಫೋನ್ ಸ್ವಿಚ್ ಆಫ್. ಆ ಹನ್ನೆರಡು ದಿನದಲ್ಲಿ ಯಾರು ಫೋನು ಮಾಡಿದ್ದರು, ಏನಾಯಿತು ಎಂದು ಈಗಲೂ ಕೆಲವೊಮ್ಮೆ ಕೇಳುತ್ತಿರುತ್ತಾರೆ. ಇದು ಅವರ ಸ್ವಭಾವದ ದೋಷ ಅಷ್ಟೇ ಅಲ್ಲ. ಬದಲಿ ಕೊಡದೆ ಇಪ್ಪತ್ತನಾಲ್ಕು ತಾಸು ಡ್ಯೂಟಿ ಮಾಡಿಸುವವರು ನಾವು.

ಸೇವೆ ಎನ್ನುವುದು ಸಂಬಳ ಕೊಡಲು ಮನಸ್ಸಿಲ್ಲದವರು ಹುಡುಕಿಕೊಂಡ ಶಬ್ದ. ಆಶಾ ಕಾರ್ಯಕರ್ತೆಯರಿಗೂ ಹಾಗೇ ಅನ್ನುತ್ತಿದ್ದರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ ಮೇಲೆ ಸರ್ಕಾರ ಗೌರವಧನದ ಮಾತಾಡಿತು. ಆಶಾಗಳಿಗೆ ಸಮವಸ್ತ್ರ ಇತ್ತು, ಸಾವಿರಾರು ಜನ ಒಟ್ಟಿಗೆ ರೈಲು ಹತ್ತಬಹುದಿತ್ತು. ನಮ್ಮ ಮೂವರು ಫ್ರೀಡಂ ಪಾರ್ಕಿಗೆ ಹೋಗಿ ಕೂತರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ, ಅದರ ಮರುದಿನ ಒಬ್ಬಳಿಗೆ ಮನೆ ಇರುವುದಿಲ್ಲ.

ಹಾಗಾಗಿ ಅವರ ಪರವಾಗಿ ನಾನು ಕೇಳುತ್ತೇನೆ, ನನಗೆ ಕಳೆದುಕೊಳ್ಳಲು ಪಿಂಚಣಿ ಬಿಟ್ಟು ಏನೂ ಇಲ್ಲ. ಜಿಲ್ಲಾಡಳಿತ ವರ್ಷಕ್ಕೆ ಎರಡು ಸಲ ಶಿರಸಿಯ ಉಪವಿಭಾಗಾಧಿಕಾರಿ ಕಚೇರಿಯಲ್ಲೇ ಗುರುತಿನ ಪ್ರಮಾಣಪತ್ರದ ಶಿಬಿರ ಇಡಲಿ. ಅರ್ಜಿ ಬರೆದುಕೊಡುವವರಿಗೆ, ಆಸ್ಪತ್ರೆಗೆ ಜೊತೆ ಹೋಗುವವರಿಗೆ ತಾಲೂಕಿಗೆ ಇಬ್ಬರಂತೆ ಗೌರವಧನ ಗೊತ್ತುಮಾಡಲಿ. ಇಬ್ಬರು ಯಾಕೆಂದರೆ ಒಬ್ಬರು ಮಲಗಿದರೆ ಇನ್ನೊಬ್ಬರು ಫೋನ್ ಎತ್ತಬೇಕು. ಹೆಸರು ಹೊರಗೆ ಹಾಕದೆ ಕೊಡುವ ದಾರಿಯನ್ನೂ ಹುಡುಕಲಿ. ಗಂಡಸನ್ನು ಪ್ರೀತಿಸುವ ಗಂಡಸು, ಹೆಣ್ಣನ್ನು ಪ್ರೀತಿಸುವ ಹೆಣ್ಣು ಬಂದರೂ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸು ಕಳಿಸಬಾರದು.

ಉಳಿದದ್ದು ಶಿರಸಿಯವರಿಗೆ. ಪೇಟೆಯಲ್ಲಿ ನಿಮ್ಮದೊಂದು ಮಾಳಿಗೆಯ ಕೋಣೆ ಖಾಲಿ ಇದ್ದರೆ, ಮಂಗಳವಾರ ಎರಡರಿಂದ ಐದರವರೆಗೆ ಕೊಡಿ. ಬಾಡಿಗೆ ಕೊಡುತ್ತೇವೆ. ಮೆಟ್ಟಿಲು ರಸ್ತೆಗೆ ಕಾಣದಂತಿದ್ದರೆ ಒಳ್ಳೆಯದು. ದರ್ಜಿಯ ಹಿಂದಿನ ಕೋಣೆಯಲ್ಲಿ ಆರು ಕುರ್ಚಿ ಹಿಡಿಯುತ್ತವೆ. ಹೋದ ಮಂಗಳವಾರ ಹನ್ನೊಂದು ಜನ ಬಂದಿದ್ದರು.